ಬಣ್ಣಕ್ಕಿಂತ ಅಂಚು ಮುಖ್ಯ: ಮನೆಯಲ್ಲೇ ಚರ್ಮದ ಕಾರ್ಡ್ ಹೋಲ್ಡರ್ ಮಾಡಿ

ಅಂಗಡಿಯಲ್ಲಿ ಪರ್ಸ್ ಕೈಗೆತ್ತಿಕೊಂಡರೆ ಮೊದಲು ಏನು ನೋಡುತ್ತೀರಿ? ಬಣ್ಣ, ಎಷ್ಟು ಖಾನೆ ಇದೆ, ಬೆಲೆ ಎಷ್ಟು. ನಮ್ಮ ರಸ್ತೆಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕೂರುತ್ತಾರೆ. ನಾನು ಮಾಡಿದ ಮೊದಲ ಕಾರ್ಡ್ ಹೋಲ್ಡರ್ ತೋರಿಸಿದಾಗ ಅವರು ಇದ್ಯಾವುದನ್ನೂ ನೋಡಲಿಲ್ಲ. ಅಂಚಿನ ಮೇಲೆ ಹೆಬ್ಬೆರಳು ಎಳೆದರು, ಅಷ್ಟೆ. ‘ಹೊಲಿಗೆ ಪರ್ವಾಗಿಲ್ಲ ಸಾರ್. ಅಂಚು ಹಂಗೇ ಬಿಟ್ಟಿದ್ದೀರಲ್ಲ, ಎದ್ದು ಬರುತ್ತೆ’ ಅಂದರು. ಎರಡೇ ತಿಂಗಳಲ್ಲಿ ಎದ್ದು ಬಂತು.

ಆಮೇಲೆ ಮಾಡಿದ ಐದಾರು ಹೋಲ್ಡರ್‌ಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಒಂದು ಭಾನುವಾರ ಸಾಕು. ಹೊಲಿಗೆ ಯಂತ್ರ ಬೇಡ.

ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ನಮಗೆ ಇದು ಹವ್ಯಾಸ. ತಲೆಮಾರುಗಟ್ಟಲೆ ಇದನ್ನೇ ಕಸುಬು ಮಾಡಿಕೊಂಡವರನ್ನು ನಮ್ಮ ಊರುಗಳು ಊರಾಚೆ ಇಟ್ಟಿದ್ದವು. ಶರಣ ಮಾದಾರ ಚೆನ್ನಯ್ಯನ ವಚನಗಳ ಅಂಕಿತ ಶುರುವಾಗುವುದೇ ಅವನ ಹತಾರಗಳಿಂದ: ಕೈಯುಳಿ, ಕತ್ತಿ, ಅಡಿಗೂಂಟ. ಕಲಿಯಬೇಕೆಂದರೆ ವಿಡಿಯೊ ನೋಡುವ ಮೊದಲು ಬೀದಿ ಬದಿಯ ಆ ಹಿರಿಯರ ಎದುರು ಅರ್ಧ ಗಂಟೆ ಕುಳಿತು ನೋಡಿ. ಸುಮ್ನೆ ಕೂರಬೇಡಿ, ಒಂದು ಜೊತೆ ಚಪ್ಪಲಿ ರಿಪೇರಿಗೂ ಕೊಡಿ.

ಯಾವ ಚರ್ಮ?

ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಚರ್ಮವನ್ನು ಹದ ಮಾಡುವ ಮುಖ್ಯ ದಾರಿ ಎರಡು. ಒಂದು, ಮರದ ತೊಗಟೆ, ಕಾಯಿಗಳ ಒಗರಿನಿಂದ. ನಮ್ಮ ಕಡೆ ತಂಗಡಿ ತೊಗಟೆ, ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತಾ ಬಂದಿದ್ದಾರೆ. ಇದಕ್ಕೆ ವ್ಯಾಪಾರದಲ್ಲಿ ‘ವೆಜ್ ಟ್ಯಾನ್’ ಎನ್ನುತ್ತಾರೆ. ಕೊಲ್ಹಾಪುರಿ ಚಪ್ಪಲಿಯದು ಇದೇ ಬಗೆಯ ಚರ್ಮ. ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ (ಜಿಐ ಟ್ಯಾಗ್) ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಇನ್ನೊಂದು ದಾರಿ, ಕ್ರೋಮಿಯಂ ಲವಣದಿಂದ. ಇದು ಬೇಗ ಆಗುತ್ತದೆ. ಚರ್ಮ ಮೆತ್ತಗಿರುತ್ತದೆ, ನೀರಿಗೂ ಅಷ್ಟಾಗಿ ಜಗ್ಗುವುದಿಲ್ಲ. ಸೋಫಾ, ಜಾಕೆಟ್, ಬಹುಪಾಲು ಶೂಗಳ ಮೇಲ್ಭಾಗ ಇದರದ್ದೇ.

ನಮಗೆ ಬೇಕಿರುವುದು ವೆಜ್ ಟ್ಯಾನ್. ಯಾಕೆಂದರೆ ಅದರ ಅಂಚನ್ನು ಉಜ್ಜಿದರೆ ಗಾಜಿನಂತೆ ಹೊಳೆಯುತ್ತದೆ. ಕ್ರೋಮ್ ಚರ್ಮವನ್ನು ಎಷ್ಟು ಉಜ್ಜಿದರೂ ನಾರು ನಾರಾಗಿ ಉಳಿಯುತ್ತದೆ. ಅದಕ್ಕೆ ಅಂಚಿಗೆ ಬಳಿಯುವ ಬಣ್ಣವೇ ಬೇಕು.

ಗುರುತಿಸುವುದು ಹೇಗೆ? ಕತ್ತರಿಸಿದ ಅಂಚು ನೋಡಿ. ಒಳಗೆಲ್ಲ ಕಂದು ಬಣ್ಣ ಇದ್ದರೆ ವೆಜ್ ಟ್ಯಾನ್ ಇರಬಹುದು. ನಡುವೆ ತಿಳಿನೀಲಿ, ಬೂದು ಛಾಯೆ ಇದ್ದರೆ ಕ್ರೋಮ್. ಬಣ್ಣ ಹಾಕದ ತುಂಡಾದರೆ ಒಂದು ಹನಿ ನೀರು ಬಿಡಿ. ವೆಜ್ ಟ್ಯಾನ್ ಕುಡಿದು ಕಪ್ಪಾಗುತ್ತದೆ. ಆ ಒದ್ದೆ ಜಾಗದಲ್ಲಿ ಉಗುರು ಒತ್ತಿದರೆ ಗುರುತು ಹಾಗೇ ಉಳಿಯುತ್ತದೆ.

‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ನೋಡಿ ಮರುಳಾಗಬೇಡಿ. ನಾನು ಮೊದಲ ಸಲ ಆನ್‌ಲೈನಿನಲ್ಲಿ ತರಿಸಿದ ತುಂಡು ಮೇಲೆ ಥಳಥಳ ಹೊಳೆಯುತ್ತಿತ್ತು. ಮಡಚಿದೆ. ಮೇಲಿನ ಪದರ ಹಪ್ಪಳದ ಹಾಗೆ ಬಿಟ್ಟಿತು. ಚರ್ಮ ಸೀಳಿದಾಗ ಉಳಿಯುವ ಕೆಳಗಿನ ಪದರಕ್ಕೆ ಪ್ಲಾಸ್ಟಿಕ್ ಲೇಪ ಕೊಟ್ಟಿದ್ದರು. ಅದೂ ಚರ್ಮವೇ, ಸುಳ್ಳಲ್ಲ. ಬಾಳಿಕೆ ಮಾತ್ರ ಇಲ್ಲ.

ಕಾರ್ಡ್ ಹೋಲ್ಡರ್‌ಗೆ 1.2 ಮಿ.ಮೀ. ದಪ್ಪದ ಚರ್ಮ ಸಾಕು. ಇಡೀ ತೊಗಲು ಕೊಳ್ಳಬೇಡಿ, ಎ4 ಅಳತೆಯ ತುಂಡು ಸಾಕಾಗಿ ಮಿಗುತ್ತದೆ. ಹೊಟ್ಟೆ ಭಾಗದ್ದು ಹಿಗ್ಗುತ್ತದೆ, ಬೆನ್ನಿನ ಭಾಗದ್ದನ್ನೇ ಕೇಳಿ. ಚೆನ್ನೈ ಕಡೆ ಹೋಗುವವರಿದ್ದರೆ ಪೆರಿಯಮೇಟ್‌ನಲ್ಲಿ, ಮುಂಬೈಯಲ್ಲಿದ್ದರೆ ಧಾರಾವಿಯಲ್ಲಿ ಕೈಯಲ್ಲಿ ಮುಟ್ಟಿ ನೋಡಿ ಆರಿಸಬಹುದು.

ಹತಾರಗಳು

ಮೂವತ್ತು ಹತಾರಗಳ ಸೆಟ್ ಎಂದು ಡಬ್ಬಿಗಟ್ಟಲೆ ಮಾರುತ್ತಾರೆ. ಬೇಡ. ಅದರಲ್ಲಿ ಇಪ್ಪತ್ತನ್ನು ನೀವು ಮುಟ್ಟುವುದೂ ಇಲ್ಲ.

ಹೊಸ ಬ್ಲೇಡಿನ ಕಟರ್, ಸ್ಟೀಲ್ ಸ್ಕೇಲ್, ಕೆಳಗೆ ಹಾಸಲು ಕಟಿಂಗ್ ಮ್ಯಾಟ್. ಗೆರೆ ಎಳೆಯಲು ಎರಡೂ ಕಡೆ ಲೋಹದ ಮೊನೆ ಇರುವ ಕೈವಾರ. ತೂತು ಹೊಡೆಯಲು 4 ಮಿ.ಮೀ. ಅಂತರದ ಹಲ್ಲುಗಳಿರುವ ಉಳಿ. ಅಂಗಡಿಯಲ್ಲಿ ಸ್ಟಿಚಿಂಗ್ ಚಿಸೆಲ್ ಎಂದು ಕೇಳಿ. ನಾಲ್ಕು ಹಲ್ಲಿನದೊಂದು, ಎರಡು ಹಲ್ಲಿನದೊಂದು. ಹೊಡೆಯಲು ಮರದ ಕೊಡತಿ. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಉಳಿಯ ತಲೆ ಹಾಳಾಗುತ್ತದೆ. ಮೊಂಡು ಮೊನೆಯ ಎರಡು ಸೂಜಿ, ಮೇಣ ಹಚ್ಚಿದ 0.6 ಮಿ.ಮೀ. ಪಾಲಿಯೆಸ್ಟರ್ ದಾರ, ಚಪ್ಪಲಿ ಅಂಟು, ಜೇನುಮೇಣದ ಒಂದು ಉಂಡೆ. 220, 400, 600 ನಂಬರಿನ ಉಪ್ಪು ಕಾಗದ. ಅಂಚಿನ ಮೂಲೆ ಹೆರೆಯುವ ಬೆವೆಲರ್ ಒಂದು. ಉಜ್ಜಲು ಹಳೆಯ ಜೀನ್ಸ್ ಪ್ಯಾಂಟಿನ ತುಂಡು.

ದುಡ್ಡು ಹಾಕುವುದಿದ್ದರೆ ಹಲ್ಲುಳಿಗೆ ಹಾಕಿ. ಅಗ್ಗದ್ದರ ಹಲ್ಲು ದಪ್ಪ, ತೂತು ಬಾಯಿ ಬಿಟ್ಟುಕೊಂಡು ಕೂರುತ್ತದೆ.

ಕತ್ತರಿಸುವುದು

ಎಟಿಎಂ ಕಾರ್ಡಿನ ಅಳತೆ 85.6 × 54 ಮಿ.ಮೀ. ಅದಕ್ಕೆ ತಕ್ಕಂತೆ ಮೂರು ತುಂಡು ಬೇಕು. ನಡುವಿನದು 100 × 68 ಮಿ.ಮೀ., ಅದರ ಹಿಂದೊಂದು ಮುಂದೊಂದು ಕೂರುವ ಎರಡು ಜೇಬು ತಲಾ 100 × 50 ಮಿ.ಮೀ. ಅಗಲ ಜಾಸ್ತಿಯಾಯಿತು ಅನ್ನಿಸಬಹುದು. ಎರಡೂ ಬದಿಗೆ ಹೊಲಿಗೆಗೆ ಮೂರೂವರೆ ಮಿ.ಮೀ. ಹೋಗುತ್ತದೆ, ಜೇಬಿಗೆ ಎರಡು ಮೂರು ಕಾರ್ಡ್ ಹಾಕಿದಾಗ ಉಬ್ಬುವುದಕ್ಕೂ ಜಾಗ ಬೇಕು. ನಾನು ಮೊದಲು 92ಕ್ಕೆ ಕತ್ತರಿಸಿದ್ದೆ. ಕಾರ್ಡ್ ಒಳಗೆ ಹೋಯಿತು, ಹೊರಗೆ ಬರಲಿಲ್ಲ.

ಮೊದಲು ರಟ್ಟಿನಲ್ಲಿ ಮಾದರಿ ಮಾಡಿ, ಕಾರ್ಡ್ ಇಟ್ಟು ನೋಡಿ. ಸರಿ ಎನಿಸಿದ ಮೇಲೆ ಚರ್ಮದ ಮೇಲಿಟ್ಟು ಕೈವಾರದ ಮೊನೆಯಿಂದ ಗೀರಿ. ಬಾಲ್ ಪೆನ್ ಬೇಡ, ಶಾಯಿ ಹೋಗುವುದಿಲ್ಲ. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಬ್ಲೇಡನ್ನು ನೇರ ಹಿಡಿದು ಹಗುರವಾಗಿ ಮೂರು ಸಲ ಎಳೆಯಿರಿ. ಸ್ಕೇಲ್ ಹಿಡಿದ ಕೈಯ ಬೆರಳು ಅಂಚಿನಿಂದ ಹಿಂದೆ ಇರಲಿ. ಮೂಲೆ ದುಂಡಗೆ ಮಾಡಲು ಒಂದು ರೂಪಾಯಿ ನಾಣ್ಯ ಇಟ್ಟು ಗೀರಿದರಾಯಿತು.

ಬೆವರಿದ ಕೈ ಒರೆಸಿಕೊಳ್ಳಿ. ಒದ್ದೆಯಾದ ವೆಜ್ ಟ್ಯಾನ್ ಚರ್ಮಕ್ಕೆ ಕಬ್ಬಿಣ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಒಗರಿಗೂ ಕಬ್ಬಿಣಕ್ಕೂ ಆಗುವ ನಂಟು ಅದು. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದರ ಗುಟ್ಟೂ ಇದೇ. ಕಲೆ ಬಿತ್ತೆಂದು ಗಾಬರಿ ಬೇಡ. ನೀರು ಬೆರೆಸಿದ ನಿಂಬೆರಸದಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕಷ್ಟು ತಿಳಿಯಾಗುತ್ತದೆ.

ಅಂಟಿಸುವ ಮೊದಲು ನಿಲ್ಲಿ

ಬಣ್ಣ ಹಾಕುವುದಿದ್ದರೆ ಈಗಲೇ ಹಾಕಿ, ಕೈಗವಸು ತೊಟ್ಟು. ಎಣ್ಣೆ, ಮೇಣ ಹಚ್ಚಿದ ಮೇಲೆ ಬಣ್ಣ ಹಿಡಿಯುವುದಿಲ್ಲ. ನಾನು ಹಾಕುವುದಿಲ್ಲ. ಬಣ್ಣವಿಲ್ಲದ ಚರ್ಮವನ್ನು ಕೆಲವು ಗಂಟೆ ಬಿಸಿಲಿಗೆ ಇಟ್ಟರೆ ತಾನಾಗಿಯೇ ಜೇನುಬಣ್ಣಕ್ಕೆ ತಿರುಗುತ್ತದೆ.

ಇನ್ನೊಂದು ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಜೇಬುಗಳ ಬಾಯಿಯ ಅಂಚನ್ನು ಈಗಲೇ ಉಜ್ಜಿ ಹೊಳಪು ಕೊಡಬೇಕು (ಹೇಗೆಂದು ಕೆಳಗೆ ‘ಅಂಚು’ ಭಾಗದಲ್ಲಿದೆ). ಹೊಲಿದ ಮೇಲೆ ಅಲ್ಲಿಗೆ ಕೈಯೇ ಹೋಗುವುದಿಲ್ಲ. ಆ ಹಿರಿಯರ ಹೆಬ್ಬೆರಳು ಮೊದಲು ನಿಂತದ್ದು ಅಲ್ಲೇ.

ಆಮೇಲೆ ಜೇಬಿನ ಮೂರು ಬದಿಗೆ, 3 ಮಿ.ಮೀ. ಪಟ್ಟಿಯಷ್ಟೇ ಅಂಟು. ನುಣುಪು ಮುಖದ ಮೇಲೆ ಅಂಟಿಸುವ ಕಡೆ ಉಪ್ಪು ಕಾಗದದಿಂದ ಕೊಂಚ ಒರಟು ಮಾಡಿಕೊಳ್ಳಿ. ಎರಡೂ ಕಡೆ ಸವರಿ, ಮುಟ್ಟಿದರೆ ಬೆರಳಿಗೆ ಬರದಷ್ಟು ಒಣಗಲು ಬಿಟ್ಟು, ಆಮೇಲೆ ಒತ್ತಿ. ಒಮ್ಮೆ ಕೂತರೆ ಸರಿಸಲು ಬರುವುದಿಲ್ಲ. ಕಿಟಕಿ ತೆರೆದಿಡಿ, ಅದರ ವಾಸನೆ ತಲೆಗೇರುತ್ತದೆ.

ಎರಡು ಸೂಜಿ, ಒಂದೇ ದಾರ

ಅಂಚಿನಿಂದ ಮೂರೂವರೆ ಮಿ.ಮೀ. ಒಳಗೆ ಕೈವಾರದಿಂದ ಗೆರೆ ಎಳೆಯಿರಿ. ಜೇಬಿನ ಬಾಯಿಯಿಂದ ಶುರುವಾಗಿ, ಕೆಳಗೆ ಸುತ್ತಿ, ಇನ್ನೊಂದು ಬಾಯಿಗೆ. ಉಳಿಯನ್ನು ನೆಟ್ಟಗೆ ನಿಲ್ಲಿಸಿ ಕೊಡತಿಯಿಂದ ಹೊಡೆಯಿರಿ. ಮುಂದಿನ ಸಲ ಉಳಿಯ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲಿ ಕೂರಿಸಿದರೆ ಅಂತರ ತಪ್ಪುವುದಿಲ್ಲ. ಮೂಲೆಯ ತಿರುವಿಗೆ ಎರಡು ಹಲ್ಲಿನದು.

ಹೊಲಿಗೆಯ ಉದ್ದ ಸುಮಾರು 20 ಸೆಂ.ಮೀ. ಅದರ ನಾಲ್ಕು ಪಟ್ಟು ದಾರ, ಕೈಹಿಡಿತಕ್ಕೆ ಇನ್ನಷ್ಟು. ಒಂದು ಮೀಟರ್ ಅಂದುಕೊಳ್ಳಿ. ದಾರದ ಎರಡೂ ತುದಿಗೆ ಒಂದೊಂದು ಸೂಜಿ. ಕಣ್ಣಿಗೆ ಪೋಣಿಸಿದ ದಾರವನ್ನು ಅದೇ ಸೂಜಿಯಿಂದ ಚುಚ್ಚಿ ಹಿಂದಕ್ಕೆ ಎಳೆದುಬಿಟ್ಟರೆ ಗಂಟಿಲ್ಲದೆ ಭದ್ರವಾಗುತ್ತದೆ.

ಮೊದಲ ತೂತಿನಲ್ಲಿ ಒಂದು ಸೂಜಿ ತೂರಿಸಿ, ದಾರ ಎರಡೂ ಬದಿಗೆ ಸಮ ಮಾಡಿ. ಮುಂದಿನ ತೂತಿಗೆ ಮೊದಲು ಎಡಗೈ ಸೂಜಿ, ಆಮೇಲೆ ಅದೇ ತೂತಿಗೆ ಬಲಗೈ ಸೂಜಿ. ಎರಡೂ ಬದಿಗೆ ಒಂದೇ ಸಮ ಎಳೆಯಿರಿ. ಮತ್ತೆ ಎಡ, ಬಲ, ಎಳೆ. ಸುಮಾರು ಐವತ್ತು ಸಲ. ನಡುವೆ ಒಮ್ಮೆ ಬಲಗೈ ಮೊದಲು ಹೋಯಿತೋ, ಆ ಒಂದು ಹೊಲಿಗೆ ಓರೆ ತಪ್ಪಿ ಸಾಲಿನಲ್ಲಿ ಎದ್ದು ಕಾಣುತ್ತದೆ. ಸೂಜಿ ದಾರವನ್ನೇ ಸೀಳದ ಹಾಗೂ ನೋಡಿಕೊಳ್ಳಿ.

ಇಷ್ಟು ಪಾಡು ಯಾಕೆ ಅಲ್ವಾ? ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡಿರುತ್ತವೆ. ಒಂದು ಕಡಿದರೆ ಸಾಲು ಬಿಚ್ಚತೊಡಗುತ್ತದೆ. ಕುದುರೆ ಜೀನು ಮಾಡುವವರ ಈ ಕೈಹೊಲಿಗೆಯಲ್ಲಿ ಒಂದು ಕಡೆ ಸವೆದು ಹೋದರೂ ಇನ್ನೊಂದು ಎಳೆ ಹಿಡಿದಿರುತ್ತದೆ.

ಕೊನೆಗೆ ಬಂದಾಗ ಎರಡು ತೂತು ಹಿಂದಕ್ಕೆ ಹೊಲಿಯಿರಿ. ದಾರ ಕತ್ತರಿಸಿ, ತುದಿಗೆ ಲೈಟರ್ ಸೋಕಿಸಿದರೆ ಪಾಲಿಯೆಸ್ಟರ್ ಕರಗಿ ಕೂರುತ್ತದೆ. ಕೊಡತಿಯಿಂದ ಹೊಲಿಗೆಯ ಮೇಲೆ ಮೆಲ್ಲಗೆ ತಟ್ಟಿ.

ಅಂಚು

ಇಲ್ಲಿ ಅವಸರ ಬೇಡ. ಹೊಲಿಗೆಗೆ ಹಿಡಿದಷ್ಟೇ ಹೊತ್ತು ಇದಕ್ಕೂ ಇಟ್ಟುಕೊಳ್ಳಿ.

220 ನಂಬರಿನಿಂದ ಉಜ್ಜಿ, ಮೂರು ಪದರ ಒಂದಾಗುವ ತನಕ. ಬೆರಳಾಡಿಸಿದರೆ ನಡುವೆ ಎಲ್ಲೂ ಮೆಟ್ಟಿಲು ಸಿಗಬಾರದು. ಬೆವೆಲರ್‌ನಿಂದ ಎರಡೂ ಕಡೆಯ ಮೂಲೆ ಹೆರೆಯಿರಿ. ದಾರದಂಥ ಸಣ್ಣ ಸಿಪ್ಪೆ ಕಡಿಯದೆ ಸುರುಳಿಯಾಗಿ ಬಂದರೆ ಹತಾರ ಹರಿತವಾಗಿದೆ ಎಂದರ್ಥ. ಆಮೇಲೆ 400, 600.

ಈಗ ಬೆರಳಿನಿಂದ ಅಂಚಿಗೆ ಮಾತ್ರ ನೀರು ಸವರಿ. ತೊಯ್ಯಿಸಬೇಡಿ, ತೇವ ಆದರೆ ಸಾಕು. ಜೀನ್ಸ್ ತುಂಡಿನಿಂದ ಬೇಗ ಬೇಗ, ಆದರೆ ಹಗುರವಾಗಿ ಉಜ್ಜಿ. ಭಾರ ಹಾಕಿದರೆ ಅಂಚು ಅಣಬೆಯ ಹಾಗೆ ಅಗಲಕ್ಕೆ ಹರಡಿಕೊಳ್ಳುತ್ತದೆ. ಒಂದು ನಿಮಿಷದಲ್ಲಿ ಬೆರಳಿಗೆ ಬಿಸಿ ತಾಗುತ್ತದೆ. ಮಂಕಾಗಿದ್ದ ನಾರು ಮಲಗಿಕೊಂಡು ಕಡುಕಂದು ಬಣ್ಣಕ್ಕೆ ತಿರುಗಿ, ಹುಣಸೆಬೀಜದ ಹಾಗೆ ಮಿನುಗತೊಡಗುತ್ತದೆ. ಅಲ್ಲಲ್ಲಿ ಇನ್ನೂ ಒರಟಿದ್ದರೆ ಮತ್ತೆ 600, ಮತ್ತೆ ನೀರು, ಮತ್ತೆ ಉಜ್ಜು. ಮೂರು ಸುತ್ತಾದರೂ ಬೇಕು. ಕೊನೆಗೆ ಜೇನುಮೇಣ ಎಳೆದು, ಬಟ್ಟೆಯಿಂದ ಬಿಸಿಯಾಗುವಂತೆ ಉಜ್ಜಿದರೆ ನೀರು ಒಳಗಿಳಿಯುವುದಿಲ್ಲ.

ಎಣ್ಣೆ, ಮತ್ತು ಮಳೆಗಾಲ

ಮೇಲ್ಮೈಗೆ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಮೂಳೆಯಿಂದ ತೆಗೆಯುವ ಎಣ್ಣೆ) ನಾಲ್ಕಾರು ಹನಿ, ಬಟ್ಟೆಯಿಂದ ತೆಳ್ಳಗೆ. ಸಂಜೆ ಹಚ್ಚಿ, ಬೆಳಗ್ಗೆ ನೋಡಿ, ಸಾಲದಿದ್ದರೆ ಮಾತ್ರ ಮತ್ತೊಮ್ಮೆ. ಎಣ್ಣೆ ಜಾಸ್ತಿಯಾದ ಚರ್ಮ ಜೋಲುತ್ತದೆ, ಅದನ್ನು ತೆಗೆಯುವ ದಾರಿ ಇಲ್ಲ. ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಬೇಡವೇ ಬೇಡ, ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ಊರಲ್ಲಿ ಹಿರಿಯರು ಮೆಟ್ಟಿಗೆ ಹರಳೆಣ್ಣೆ ಸವರುತ್ತಿದ್ದುದನ್ನು ನೋಡಿದ್ದೇನೆ. ಮೆಟ್ಟಿಗೆ ಸರಿ, ಅಂಗಿ ಜೇಬಿಗೆ ಹೋಗುವ ವಸ್ತುವಿಗೆ ನಾನು ಹಚ್ಚುವುದಿಲ್ಲ.

ಮಳೆಯಲ್ಲಿ ನೆನೆದರೆ ಒಲೆಯ ಮುಂದೆ, ಬಿಸಿಲಲ್ಲಿ ಒಣಗಿಸಬೇಡಿ, ಸೆಡೆತುಕೊಳ್ಳುತ್ತದೆ. ಬಟ್ಟೆಯಿಂದ ಒತ್ತಿ ನೀರು ತೆಗೆದು, ನೆರಳಿನಲ್ಲಿ ಗಾಳಿಯಾಡುವ ಕಡೆ ಇಡಿ. ಮಲೆನಾಡು, ಕರಾವಳಿಯವರಿಗೆ ಬೂಷ್ಟಿನ ಕಾಟ ಹೇಳಬೇಕಾಗಿಲ್ಲ. ಬಳಸದೆ ಇಡುವುದಾದರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹಳೆಯ ಕಾಟನ್ ಬಟ್ಟೆಯಲ್ಲಿ ಸುತ್ತಿ. ಬಿಳಿ ಬೂಷ್ಟು ಕಂಡರೆ ಮನೆಯ ಹೊರಗೆ ನಿಂತು ಒಣಬಟ್ಟೆಯಿಂದ ಒರೆಸಿ, ಎರಡು ದಿನ ಗಾಳಿಗೆ ಬಿಟ್ಟು, ಆಮೇಲೆ ಅಂಚಿಗೆ ಇನ್ನೊಂದು ಸುತ್ತು ಮೇಣ ಹಾಕಿ.