ಆರ್ಕ್‌ಟಿಕ್ ವೃತ್ತದಾಚೆ, ರಾಕ್ ನದಿಯ ದಡದಲ್ಲಿ ಟೆಂಟ್ ಹಾಕುವುದು ಹೇಗೆ?

ಕೆನಡಾದ ಯೂಕಾನ್‌ನಲ್ಲಿ, ಡಾಸನ್ ಸಿಟಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿ ಡೆಂಪ್‌ಸ್ಟರ್ ಹೆದ್ದಾರಿ ಶುರುವಾಗುತ್ತದೆ. ಹೆಸರಿಗೆ ಹೆದ್ದಾರಿ, ಹೆಚ್ಚುಕಮ್ಮಿ ಪೂರ್ತಿ ಜಲ್ಲಿ. 405ನೇ ಕಿ.ಮೀ.ನಲ್ಲಿ ಆರ್ಕ್‌ಟಿಕ್ ವೃತ್ತ, ಅಂದರೆ ಉತ್ತರ ಧ್ರುವ ವೃತ್ತ. ಅದನ್ನು ದಾಟಿ ಇನ್ನೂ 40 ಕಿ.ಮೀ. ಹೋದರೆ ಸ್ಪ್ರೂಸ್ ಮರಗಳ ನಡುವೆ ರಾಕ್ ರಿವರ್ ಕ್ಯಾಂಪ್‌ಗ್ರೌಂಡ್ ಸಿಗುತ್ತದೆ. ಅಲ್ಲಿ ಟೆಂಟ್ ಹಾಕುವುದು ಸುಲಭ. ಅಲ್ಲಿಗೆ ತಲುಪುವುದಕ್ಕೇ ಜಾಸ್ತಿ ತಯಾರಿ ಬೇಕು.

ಮೊದಲು ಗಾಡಿ

ಬಾಡಿಗೆ ಕಾರಾದರೆ ಕರಾರು ಓದಿ. ಎಲ್ಲ ಕಂಪನಿಗಳೂ ಈ ರಸ್ತೆಗೆ ಗಾಡಿ ಬಿಡುವುದಿಲ್ಲ. ಇಲ್ಲಿನ ಜಲ್ಲಿ ಚೂಪು, ಟೈರ್ ಸೀಳುತ್ತದೆ. ಪೂರ್ತಿ ಅಳತೆಯ ಸ್ಟೆಪ್ನಿ ಎರಡು ಇರಲಿ, ಜ್ಯಾಕ್ ಮತ್ತು ಗಾಳಿ ತುಂಬುವ ಪಂಪ್ ಕೂಡ. ಸ್ಟೆಪ್ನಿ ಬದಲಿಸುವುದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿ.

ಡಾಸನ್‌ನಲ್ಲಿ ಟ್ಯಾಂಕ್ ತುಂಬಿಸಿ. ಹೆದ್ದಾರಿಗೆ ಇಳಿದ ಮೇಲೆ ಮೊದಲ ಬಂಕ್ ಈಗಲ್ ಪ್ಲೇನ್ಸ್ ಎಂಬ ತಂಗುದಾಣದಲ್ಲಿ, 369ನೇ ಕಿ.ಮೀ.ಗೆ. ನಡುವೆ ಬೇರೆ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ಲೂ ಇಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಬಾಡಿಗೆಗಾದರೂ ತೆಗೆದುಕೊಳ್ಳಿ. ಮಳೆ ಬಂದರೆ ಈ ರಸ್ತೆ ಕೆಸರಾಗಿ ಜಾರುತ್ತದೆ. ಅವಸರ ಬೇಡ.

ಯಾವಾಗ ಹೋಗಬೇಕು?

ಜೂನ್ ಕೊನೆಯಲ್ಲಿ ಅಲ್ಲಿ ಕತ್ತಲಾಗುವುದೇ ಇಲ್ಲ. ಕಣ್ಣುಪಟ್ಟಿ ಇಲ್ಲದೆ ನಿದ್ದೆ ಕಷ್ಟ. ಆದರೆ ಬೆಳಕಿಗಿಂತ ದೊಡ್ಡ ಕಾಟ ಸೊಳ್ಳೆ. ಕ್ಯಾಂಪ್‌ಗ್ರೌಂಡ್ ಕಣಿವೆಯೊಳಗಿದೆ, ಗಾಳಿ ಆಡುವುದು ಕಡಿಮೆ, ಹಾಗಾಗಿ ಸೊಳ್ಳೆಗಳಿಗೆ ಹಬ್ಬ. ಡೀಟ್ (ಸೊಳ್ಳೆ ಓಡಿಸುವ ರಾಸಾಯನಿಕ) ಇರುವ ಮುಲಾಮು, ತಲೆಗೆ ಹಾಕುವ ಬಲೆ, ತಿಳಿ ಬಣ್ಣದ ಉದ್ದ ತೋಳಿನ ಅಂಗಿ ಇಲ್ಲದೆ ಹೋಗಬೇಡಿ. ನನ್ನನ್ನು ಕೇಳಿದರೆ ಆಗಸ್ಟ್ ಕೊನೆಯೇ ಒಳ್ಳೆಯದು: ಸೊಳ್ಳೆ ತಗ್ಗಿರುತ್ತದೆ, ಬೆಟ್ಟದ ಕುರುಚಲು ಗಿಡಗಳು ಕೆಂಪಾಗಿರುತ್ತವೆ, ರಾತ್ರಿ ಕತ್ತಲಾಗುವುದರಿಂದ ಧ್ರುವಪ್ರಭೆ ಕಂಡರೂ ಕಾಣಬಹುದು. ಹಿಮ ಬೀಳುವುದೂ ಉಂಟು. ಶೂನ್ಯಕ್ಕಿಂತ ಕೆಳಗಿನ ಚಳಿ ತಡೆಯುವ ಸ್ಲೀಪಿಂಗ್ ಬ್ಯಾಗ್ ಒಯ್ಯಿರಿ.

ಜಾಗ ಹಿಡಿಯುವುದು

ಬಂದವರು ತಾವೇ ಹೆಸರು ನೋಂದಾಯಿಸಿ ಶುಲ್ಕ ಕಟ್ಟುವ ಪದ್ಧತಿ, ಚಿಲ್ಲರೆ ನಗದು ಜೊತೆಗಿರಲಿ. ಬೆಂಕಿ ಗುಂಡಿ, ಮೇಜು, ಗುಂಡಿ ಶೌಚಾಲಯ ಇವೆ. ಸೌದೆ ಶುಲ್ಕದಲ್ಲೇ ಸೇರಿದೆ. ಕರೆಂಟು, ನಲ್ಲಿ, ಅಂಗಡಿ ನಿರೀಕ್ಷಿಸಬೇಡಿ. ನದಿಯ ನೀರು ಕನ್ನಡಿಯಂತಿದ್ದರೂ ಕುದಿಸಿಯೇ ಕುಡಿಯಿರಿ.

ಅಡುಗೆ ಮತ್ತು ಕರಡಿ

ಇದು ಗ್ರಿಜ್ಲಿ ಕರಡಿಯ ನಾಡು. ನಮ್ಮ ಒಗ್ಗರಣೆಯ ಘಮ ಎಷ್ಟು ದೂರ ಹೋಗುತ್ತದೆ ಅಂತ ಗೊತ್ತಲ್ವಾ? ಒಗ್ಗರಣೆ ಬಿಡಿ ಅನ್ನುವುದಿಲ್ಲ, ಟೆಂಟಿನಿಂದ ದೂರ ಹಾಕಿ. ಉಂಡ ಕೂಡಲೇ ಪಾತ್ರೆ ತೊಳೆಯಿರಿ, ಆದರೆ ನದಿಯಲ್ಲಿ ಅಲ್ಲ. ಉಳಿದ ಅನ್ನ, ಉಪ್ಪಿನಕಾಯಿ, ಕಸ ಎಲ್ಲ ಕಾರಿನೊಳಗಿಟ್ಟು ಬಾಗಿಲು ಹಾಕಿ. ಟೂತ್‌ಪೇಸ್ಟ್, ಸೋಪು, ಎಣ್ಣೆ ಬಾಟಲಿ ಕೂಡ. ಅಡುಗೆ ಮಾಡುವಾಗ ತೊಟ್ಟಿದ್ದ ಬಟ್ಟೆಯಲ್ಲಿ ಮಲಗಬೇಡಿ. ಟೆಂಟಿನೊಳಗೆ ಒಂದು ಚಾಕೊಲೇಟೂ ಬೇಡ.

ಮೈಮೇಲೆ ಬರುವ ಕರಡಿಯತ್ತ ಸಿಂಪಡಿಸುವ ಕರಡಿ ಸ್ಪ್ರೇಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಲ್ಲಿ ಕೊಳ್ಳಿ. ಅದು ಸೊಂಟದಲ್ಲಿರಬೇಕು. ಚೀಲದ ತಳದಲ್ಲಿದ್ದರೆ ಸುಮ್ನೆ ಭಾರ. ಇದನ್ನು ಮೈಗೆ ಹಚ್ಚಿಕೊಳ್ಳುವವರೂ ಇದ್ದಾರಂತೆ, ಇದೇನು ಸೊಳ್ಳೆ ಮುಲಾಮಲ್ಲ, ಖಾರದ ಗ್ಯಾಸು! ಕುರುಚಲು ಗಿಡಗಳ ನಡುವೆ ಓಡಾಡುವಾಗ ಜೋರಾಗಿ ಮಾತಾಡುತ್ತಿರಿ. ಕರಡಿ ಎದುರಾದರೆ ಓಡಬೇಡಿ, ಮೆಲ್ಲಗೆ ಹಿಂದೆ ಸರಿಯಿರಿ.

ಮುಂದೆ ಹೋಗುವುದಾದರೆ

ಇನುವಿಕ್ ಪಟ್ಟಣಕ್ಕೆ, 2017ರಿಂದ ಆರ್ಕ್‌ಟಿಕ್ ಸಾಗರದ ದಡದ ಟುಕ್ಟೊಯಾಕ್ಟುಕ್‌ವರೆಗೂ ರಸ್ತೆ ಇದೆ. ದಾರಿಯಲ್ಲಿ ಪೀಲ್, ಮೆಕೆಂಜಿ ನದಿಗಳನ್ನು ಫೆರಿಯಲ್ಲಿ ದಾಟಬೇಕು. ಗಾಳಿ, ಮಳೆ, ಹಿಮದಿಂದ ರಸ್ತೆ ಮುಚ್ಚುವುದುಂಟು. ಈಗಲ್ ಪ್ಲೇನ್ಸ್‌ನಲ್ಲೇ ವಿಚಾರಿಸಿಕೊಂಡು ಹೊರಡಿ, ಎರಡು ದಿನದ ಅಕ್ಕಿ-ಬೇಳೆ ಹೆಚ್ಚಿಗೇ ಇಟ್ಟುಕೊಳ್ಳಿ.