ಪೈನ್ ಮರದ ವೇಷ ಹಾಕಿದ ಟವರ್: ಪ್ಲಾನಿಂಗ್ ಕಮಿಷನ್‌ನಲ್ಲಿ ಕೂತ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಗುಡ್ಡಗಾಡಿನ ಸಣ್ಣ ಊರೊಂದರ ಪ್ಲಾನಿಂಗ್ ಕಮಿಷನ್‌ನಲ್ಲಿ, ಅಂದ್ರೆ ಊರಿನಲ್ಲಿ ಎಲ್ಲಿ ಏನು ಕಟ್ಟಬಹುದು ಅಂತ ತೀರ್ಮಾನಿಸುವ ಸಮಿತಿಯಲ್ಲಿ, ನಾನು ಕೆಲವು ವರ್ಷ ಕೂತಿದ್ದೆ. ಸಂಬಳ ಇಲ್ಲದ ಕೆಲಸ. ಹಗಲು ಸಿವಿಲ್ ಎಂಜಿನಿಯರಿಂಗ್, ತಿಂಗಳಿಗೆ ಎರಡು ಸಂಜೆ ಊರ ಉಸಾಬರಿ. ಯಾರದೋ ಗ್ಯಾರೇಜು ಬೇಲಿಗೆ ತೀರಾ ಹತ್ತಿರ ಬಂತು, ಯಾರದೋ ಮಹಡಿ ಪಕ್ಕದ ಮನೆಯ ಬೆಳಕು ತಿಂತು, ಇಂಥ ತಕರಾರುಗಳೇ ಜಾಸ್ತಿ. ಹಾಲ್ ತುಂಬಿ ಜನ ಬಾಗಿಲಾಚೆ ನಿಂತಿದ್ದನ್ನು ನಾನು ನೋಡಿದ್ದು ಮಾತ್ರ ಮೊಬೈಲ್ ಟವರ್ ವಿಚಾರಕ್ಕೆ. ಬರೀ ಟವರ್ ಅಲ್ಲ, ಪೈನ್ ಮರದ ವೇಷ ಹಾಕಿದ 95 ಅಡಿಯ ಟವರ್. ಜಾಗ, ಗುಡ್ಡದ ನೆತ್ತಿಯಲ್ಲಿರುವ ಚರ್ಚೊಂದರ ಪಾರ್ಕಿಂಗ್ ಅಂಚು.

ಇಂಥ ಮರಗಳು ಅಮೆರಿಕದಲ್ಲಿ ಹೊಸದೇನಲ್ಲ. ಮ್ಯೂಸಿಯಂ, ಮೃಗಾಲಯಗಳಿಗೆ ಕೃತಕ ಬಂಡೆ, ಗಿಡ ಮಾಡಿಕೊಡುತ್ತಿದ್ದ ಅರಿಜೋನಾದ ಲಾರ್ಸನ್ ಕಂಪನಿ 1992ರಲ್ಲಿ ಡೆನ್ವರ್‌ನಲ್ಲಿ ಮೊದಲ ಪೈನ್ ಮರದ ಟವರ್ ನಿಲ್ಲಿಸಿತು. ಈಗ ಮರುಭೂಮಿಯಲ್ಲಿ ಕಳ್ಳಿಯಾಗಿ, ಸಮುದ್ರದ ಕಡೆ ತಾಳೆಯಾಗಿ, ಊರೊಳಗೆ ಚರ್ಚಿನ ಗೋಪುರವೋ ಧ್ವಜಸ್ತಂಭವೋ ಆಗಿ ಟವರ್‌ಗಳು ನಿಂತಿವೆ. ಪೈನ್ ವೇಷದ್ದನ್ನು ಎಲ್ಲರೂ ಮೊನೊಪೈನ್ ಅಂತಾರೆ.

ಕಾನೂನನ್ನು ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನಾವು ಯಾಕೆ ಹಾಗೆ ನಡೆದುಕೊಂಡೆವು ಅನ್ನುವುದು ಗೊತ್ತಾಗಲ್ಲ. 1996ರ ದೂರಸಂಪರ್ಕ ಕಾಯ್ದೆ ಟವರ್ ಎಲ್ಲಿ, ಹೇಗೆ ಇರಬೇಕು ಅನ್ನುವ ಅಧಿಕಾರವನ್ನು ಊರಿಗೇ ಬಿಟ್ಟಿದೆ. ಆದರೆ ಕೈ ಕಟ್ಟಿಯೇ ಬಿಟ್ಟಿದೆ. ಸೇವೆಯೇ ಸಿಗದಂತೆ ಅಡ್ಡ ಹಾಕುವ ಹಾಗಿಲ್ಲ. ಒಂದು ಕಂಪನಿಗೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ಅನ್ನುವಂತಿಲ್ಲ. ಬೇಡ ಅನ್ನುವುದಾದರೆ ಲಿಖಿತವಾಗಿ ಹೇಳಬೇಕು, ಅದಕ್ಕೆ ಕಡತದಲ್ಲಿ ಗಟ್ಟಿ ಸಾಕ್ಷ್ಯ ಇರಬೇಕು. ಟವರ್‌ನ ವಿಕಿರಣ ಎಫ್‌ಸಿಸಿ (ದೇಶದ ದೂರಸಂಪರ್ಕ ನಿಯಂತ್ರಣ ಸಂಸ್ಥೆ) ಹಾಕಿದ ಮಿತಿಯೊಳಗೆ ಇದ್ದರೆ, ಆ ಕಾರಣ ಕೊಟ್ಟು ಅರ್ಜಿ ತಿರಸ್ಕರಿಸುವ ಹಾಗೇ ಇಲ್ಲ.

ಜನರಿಗೆ ಸಿಟ್ಟು ಬರುವುದೇ ಈ ಕೊನೆಯದಕ್ಕೆ. ಕನ್ನಡ ಕೂಟದಲ್ಲಿ ಪರಿಚಯವಿದ್ದ ಒಬ್ಬ ಆಂಟಿ ಅಂಗಡಿಯಲ್ಲಿ ಸಿಕ್ಕಾಗ ನಿಲ್ಲಿಸಿಕೊಂಡು ಕೇಳಿದರು, "ಅಲ್ಲಪ್ಪಾ, ಇಂಡಿಯಾದಲ್ಲೇ ರೇಡಿಯೇಷನ್ ಮಿತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದಾರಂತೆ. ಇಲ್ಲಿ ನೀವೆಲ್ಲ ಕೂತು ಏನು ಮಾಡ್ತಿದೀರಿ?" ಅವರು ಹೇಳಿದ್ದು ನಿಜವೇ. ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದರಷ್ಟನ್ನು ಭಾರತ 2012ರ ಸೆಪ್ಟೆಂಬರ್‌ನಿಂದ ಜಾರಿಗೆ ತಂದಿದೆ. "ಆಂಟಿ, ಅದು ನಮ್ಮ ಕೈಲಿಲ್ಲ. ನಾವು ಆ ಮಾತು ಎತ್ತಿದರೆ ಕೋರ್ಟಿನಲ್ಲಿ ಸೋಲ್ತೀವಿ, ಟವರ್ ಬಂದೇ ಬರುತ್ತೆ, ನಮ್ಮ ಒಂದು ಷರತ್ತೂ ಇಲ್ಲದೆ ಬರುತ್ತೆ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಹೀಗೆ ಹೊರಗೆ ಯಾರ ಜೊತೆ ಮಾತಾಡಿದ್ದರೂ ವಿಚಾರಣೆ ಶುರುವಾಗುವಾಗ ಅದನ್ನು ಬಾಯಿಬಿಟ್ಟು ಹೇಳಿ ದಾಖಲೆ ಮಾಡಿಸಬೇಕು. ಆಂಟಿ ಜೊತೆ ಆಡಿದ್ದನ್ನೂ ಹೇಳಿದೆ.

ಇದರ ಜೊತೆ ಗಡಿಯಾರ ಬೇರೆ. ಹೊಸ ಟವರ್‌ಗೆ 150 ದಿನ, ಇದ್ದ ಟವರ್ ಮೇಲೆ ಆಂಟೆನಾ ಕೂರಿಸಲು 90 ದಿನ ಅಂತ ಎಫ್‌ಸಿಸಿ 2009ರಲ್ಲಿ ಗಡುವು ಹಾಕಿತು. ಗಡುವು ಮೀರಿದರೆ ಅರ್ಜಿ ಒಪ್ಪಿಗೆ ಆದಂತೆಯೇ ಅಂತ ಕ್ಯಾಲಿಫೋರ್ನಿಯಾ 2015ರಲ್ಲಿ ಕಾನೂನು ಮಾಡಿಕೊಂಡಿದೆ. ಹಾಗಾಗಿ ಸುಮ್ನೆ ಮುಂದೂಡಿ ಸುಸ್ತು ಮಾಡಿಸೋಣ ಅನ್ನುವ ಆಟ ಇಲ್ಲಿ ನಡೆಯಲ್ಲ. ಕಾಗದ ಪತ್ರ ಸಾಲದು ಅಂತಿದ್ದರೆ ಮೊದಲ 30 ದಿನದೊಳಗೇ ಬರೆದು ತಿಳಿಸಬೇಕು, ಆಗ ಗಡಿಯಾರ ನಿಲ್ಲುತ್ತೆ. ನಮ್ಮ ಆಫೀಸಿನ ಪ್ಲಾನರ್ ಇದರಲ್ಲಿ ಪಕ್ಕಾ. ಬದಲಿ ಜಾಗಗಳ ಪಟ್ಟಿ ಎಲ್ಲಿ, ಸಿಗ್ನಲ್ ನಕ್ಷೆಗೆ ಆಧಾರ ಎಲ್ಲಿ ಅಂತ ಮೊದಲ ಪತ್ರದಲ್ಲೇ ಕೇಳಿಬಿಟ್ಟಿದ್ದರು.

ವಿಚಾರಣೆಗೆ ಮುಂಚೆ ನಾನು ಮತ್ತೆ ಮತ್ತೆ ಓದಿದ್ದು ರಾಸ್‌ವೆಲ್ ಕೇಸು. ಜಾರ್ಜಿಯಾದ ರಾಸ್‌ವೆಲ್ ಊರಿನಲ್ಲಿ ಮನೆಗಳ ನಡುವಿನ ಖಾಲಿ ಜಾಗದಲ್ಲಿ 108 ಅಡಿಯ ಇಂಥದೇ ಕೃತಕ ಮರ ನಿಲ್ಲಿಸಲು ಟಿ-ಮೊಬೈಲ್ ಅರ್ಜಿ ಹಾಕಿತ್ತು. ಸುತ್ತಲಿನ ಮರಗಳಿಗಿಂತ ಅದು 20 ಅಡಿಯಾದರೂ ಎತ್ತರ. 2010ರ ಏಪ್ರಿಲ್‌ನಲ್ಲಿ ಕೌನ್ಸಿಲ್ ಬೇಡ ಅಂತು. ಎರಡು ದಿನಕ್ಕೆ ಪತ್ರ ಹೋಯ್ತು, ಅದರಲ್ಲಿ ಕಾರಣ ಇರಲಿಲ್ಲ. ಸಭೆಯ ವಿವರವಾದ ನಡಾವಳಿ ಹೊರಬಂದಿದ್ದು ಪತ್ರ ಹೋಗಿ 26 ದಿನದ ಮೇಲೆ. ಕಂಪನಿಗೆ ಕೋರ್ಟಿಗೆ ಹೋಗಲು ಇರುವುದೇ 30 ದಿನ. 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಕಾರಣವನ್ನು ಪತ್ರದಲ್ಲೇ ಬರೆಯಬೇಕೆಂದಿಲ್ಲ, ಬೇರೆ ಕಾಗದದಲ್ಲಿದ್ದರೂ ಸರಿ, ಆದರೆ ಹೆಚ್ಚುಕಮ್ಮಿ ಪತ್ರದ ಜೊತೆಗೇ ಸಿಗಬೇಕು. ರಾಸ್‌ವೆಲ್ ಸೋತಿತು. ಅಂದಕ್ಕೆ ಧಕ್ಕೆ ಅನ್ನುವ ಕಾರಣವೇ ತಪ್ಪು ಅಂತ ಕೋರ್ಟ್ ಹೇಳಲಿಲ್ಲ ಅನ್ನುವುದನ್ನು ನೆನಪಿಡಿ. ನಮ್ಮ ಭಾಗದ ಮೇಲ್ಮನವಿ ಕೋರ್ಟಾದ ಒಂಬತ್ತನೇ ಸರ್ಕ್ಯೂಟ್ ಕೋರ್ಟಂತೂ 2009ರಲ್ಲಿ, ಕಡಲ ತಡಿಯ ಪಾಲೊಸ್ ವರ್ಡೆಸ್ ಎಸ್ಟೇಟ್ಸ್ ಊರಿನ ಕೇಸಿನಲ್ಲಿ, ಊರಿನ ಅಂದ ಕೆಡುತ್ತೆ ಅನ್ನುವ ಕಾರಣಕ್ಕೆ ಟವರ್ ಬೇಡ ಅನ್ನಬಹುದು ಅಂತಲೇ ಹೇಳಿದೆ. ಷರತ್ತು ಒಂದೇ, ಸಾಕ್ಷ್ಯ ಬೇಕು.

"ನೋಡೋಕೆ ಅಸಹ್ಯವಾಗಿದೆ" ಅನ್ನುವುದು ಸಾಕ್ಷ್ಯ ಅಲ್ಲ. ವಿಚಾರಣೆಯಲ್ಲಿ ಜನರಿಗೆ ನಾನು ಪದೇ ಪದೇ ಹೇಳಿದ್ದು ಇದನ್ನೇ. ನಿಮ್ಮ ಅಡುಗೆಮನೆ ಕಿಟಕಿಯಿಂದ ಫೋಟೊ ತೆಗೀರಿ, ಎಲ್ಲಿ ನಿಂತು ತೆಗೆದಿರಿ ಅಂತ ಬರೀರಿ, ಟವರ್ ಎಷ್ಟು ಎತ್ತರಕ್ಕೆ ಬರುತ್ತೆ ಅಂತ ಗೆರೆ ಹಾಕಿ ತನ್ನಿ. ಫೋಟೊ ತಂದವರು ಕೆಲವರೇ. ಕೊನೆಗೆ ನಮ್ಮ ತೀರ್ಮಾನ ನಿಂತಿದ್ದು ಆ ಫೋಟೊಗಳ ಮೇಲೆ.

ಟವರ್ ಎಲ್ಲಿಂದ ಎಷ್ಟು ಕಾಣುತ್ತೆ ಅಂತ ತೋರಿಸಲು ಕಂಪನಿ ಮಾಡುವ ಬಲೂನ್ ಪರೀಕ್ಷೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಇಲ್ಲೇ ಕಣ್ಣಿಗೆ ಮಣ್ಣೆರಚುವುದು ಸುಲಭ. ಟವರ್ ಬರುವ ಜಾಗದಲ್ಲಿ ಹೀಲಿಯಂ ತುಂಬಿದ ದೊಡ್ಡ ಕೆಂಪು ಬಲೂನನ್ನು ಅಳತೆ ಮಾಡಿದ ದಾರಕ್ಕೆ ಕಟ್ಟಿ ಬಿಡ್ತಾರೆ. ಅದನ್ನು ಬೇರೆ ಬೇರೆ ಕಡೆಯಿಂದ ಫೋಟೊ ತೆಗೆದು, ಅದೇ ಅಳತೆಯಲ್ಲಿ ಕಂಪ್ಯೂಟರಿನಲ್ಲಿ ಮರ ಕೂರಿಸ್ತಾರೆ. ಆದರೆ ಗಾಳಿ ಬೀಸಿದರೆ ದಾರ ಓರೆಯಾಗುತ್ತೆ, ಬಲೂನು ಪಕ್ಕಕ್ಕೆ ಹೋಗಿ ಕೆಳಗಿಳಿಯುತ್ತೆ. 95 ಅಡಿ ದಾರ ಬಿಟ್ಟಿದ್ದರೂ ಬಲೂನು ಅಷ್ಟೆತ್ತರದಲ್ಲಿ ಇರಲ್ಲ. ಗುಡ್ಡದಲ್ಲಿ ಮಧ್ಯಾಹ್ನವಾದರೆ ಗಾಳಿ ಗ್ಯಾರಂಟಿ. ಕಂಪನಿ ಮೊದಲು ತಂದ ಫೋಟೊಗಳಲ್ಲಿ ನೆರಳು ನೋಡಿದರೇ ಗೊತ್ತಾಗ್ತಿತ್ತು, ಹೊತ್ತು ಇಳಿದ ಮೇಲೆ ತೆಗೆದದ್ದು. ಬೆಳಗ್ಗೆ ಗಾಳಿ ಏಳುವ ಮುಂಚೆ, ಅಕ್ಕಪಕ್ಕದವರಿಗೆಲ್ಲ ಮೊದಲೇ ನೋಟಿಸ್ ಕೊಟ್ಟು, ಮತ್ತೆ ಮಾಡಿ ಅಂದೆವು. ಎಲ್ಲಿಂದ ಫೋಟೊ ತೆಗೆಯಬೇಕು ಅನ್ನುವುದನ್ನೂ ನಾವೇ ಗೊತ್ತು ಮಾಡಿದೆವು: ಶಾಲೆಯ ಮೈದಾನ, ಕಣಿವೆಯ ಕಾಲುದಾರಿ, ಕೆಳಗಿನ ರಸ್ತೆಯ ತಿರುವು. ಆ ಬೆಳಗ್ಗೆ ನಾನೂ ಕಾಲುದಾರಿಯಲ್ಲಿ ನಿಂತು ನೋಡಿದೆ. 40 ಅಡಿಯ ಓಕ್ ಮರಗಳ ಮೇಲೆ ಬಲೂನು ಒಂಟಿಯಾಗಿ ತೂಗ್ತಿತ್ತು. ಓಕ್ ತೋಪಿನ ನಡುವೆ ದುಪ್ಪಟ್ಟು ಎತ್ತರದ ಒಂದೇ ಒಂದು ಪೈನ್! ಮದುವೆ ಮನೆಗೆ ಫ್ಯಾನ್ಸಿ ಡ್ರೆಸ್‌ನಲ್ಲಿ ಬಂದವರ ಹಾಗೆ.

ನನ್ನ ಅಭಿಪ್ರಾಯ ಕೇಳಿದರೆ, ಬೋಳು ಗುಡ್ಡದ ಮೇಲೆ ಮಾಸಲು ಬೂದು ಬಣ್ಣದ ಬರೀ ಕಂಬವೇ ವಾಸಿ. ಕಣ್ಣು ಒಂದು ವಾರಕ್ಕೆ ಅದನ್ನು ಮರೆತುಬಿಡುತ್ತೆ. ಕೆಟ್ಟ ಮರವನ್ನು ಮರೆಯಲ್ಲ.

ಕೆಟ್ಟ ಮರ ಅಂದ್ರೆ ಹೇಗಿರುತ್ತೆ ಅಂತ ನೋಡಲು ಹೆದ್ದಾರಿ ಪಕ್ಕದ ಹಳೇ ಮೊನೊಪೈನ್ ಬುಡಕ್ಕೆ ಹೋಗಿದ್ದೆ. ಬಿದ್ದ ಕೊಂಬೆಯೊಂದು ಬೇಲಿ ಆಚೆ ಸಿಕ್ಕಿತು. ಒಳಗೆ ಫೈಬರ್‌ಗ್ಲಾಸ್ ಕೋಲು, ಸುತ್ತ ಹಸಿರು ಪ್ಲಾಸ್ಟಿಕ್ಕಿನ ಎಳೆಗಳು, ಬಾಟಲಿ ತೊಳೆಯುವ ಬ್ರಶ್ಶೇ. ಬೆರಳಲ್ಲಿ ಬಗ್ಗಿಸಿದರೆ ಎಳೆ ಪಟಕ್ಕನೆ ಮುರಿಯಿತು. ದಕ್ಷಿಣದ ಬಿಸಿಲು ಬೀಳುವ ಬದಿ ನೀಲಿಗೆ ತಿರುಗಿತ್ತು. ಆಂಟೆನಾ ಬದಲಿಸಲು ಹತ್ತಿದವರು ಅಡ್ಡ ಬಂದ ಕೊಂಬೆ ಕಿತ್ತು ವಾಪಸ್ ಹಾಕಿರಲಿಲ್ಲ. ನೆಲದಲ್ಲೆಲ್ಲ ಹಸಿರು ಪುಡಿ. ಲೇಕ್ ಟಾಹೊ ಕಡೆ ಜನ ಈ ಪ್ಲಾಸ್ಟಿಕ್ ಉದುರುವಿಕೆಯನ್ನೇ ಹಿಡಿದು ಜಗಳ ತೆಗೆದಿದ್ದು ಸುಮ್ನೆ ಅಲ್ಲ.

ಇಷ್ಟು ನೋಡಿದ ಮೇಲೆ ನನಗೆ ಸ್ಪಷ್ಟವಾಯ್ತು. ಟವರ್ ಬೇಕೋ ಬೇಡವೋ ಅನ್ನುವುದರಲ್ಲೇ ಊರೆಲ್ಲ ಶಕ್ತಿ ಕಳೆಯುತ್ತೆ. ಆದರೆ ಮುಂದಿನ ವರ್ಷಗಳಲ್ಲಿ ಕಣ್ಣೆದುರು ಏನಿರುತ್ತೆ ಅನ್ನುವುದು ತೀರ್ಮಾನ ಆಗುವುದು ಒಪ್ಪಿಗೆ ಪತ್ರದ ಹಿಂದಿನ ಷರತ್ತುಗಳಲ್ಲಿ.

ಯಾಕೆ ಅಂದ್ರೆ, 2012ರ ಇನ್ನೊಂದು ಕಾನೂನಿದೆ. ಒಮ್ಮೆ ನಿಂತ ಟವರನ್ನು ತೀರಾ ದೊಡ್ಡದಾಗಿ ಬದಲಿಸದ ಯಾವ ಅರ್ಜಿಯನ್ನೂ ಊರು ಒಪ್ಪಲೇಬೇಕು, ಅದೂ 60 ದಿನದಲ್ಲಿ. ತೀರಾ ದೊಡ್ಡದು ಅಂದ್ರೆ ಎಷ್ಟು? ರಸ್ತೆ ಬದಿ ಬಿಟ್ಟು ಬೇರೆ ಕಡೆಯ ಟವರ್‌ಗೆ ಎತ್ತರದ ಶೇಕಡಾ 10, ಇಲ್ಲವೇ ಹತ್ತಿರದ ಆಂಟೆನಾದಿಂದ 20 ಅಡಿವರೆಗಿನ ಅಂತರದಲ್ಲಿ ಇನ್ನೊಂದು ಸಾಲು ಆಂಟೆನಾ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದ್ದು. ಅಂದ್ರೆ ನಾವು ಜಗಳ ಮಾಡಿ 85 ಅಡಿಗೆ ಇಳಿಸಿದ ಮರ ನಾಳೆ ನಾವು ಬೇಡ ಅಂದರೂ 100 ದಾಟಬಹುದು, ನೆತ್ತಿಯಲ್ಲಿ ಬೋಳು ಆಂಟೆನಾ ಹೊತ್ತುಕೊಂಡು. ತಪ್ಪಿಸಿಕೊಳ್ಳಲು ಒಂದು ಕಿಂಡಿ ಇದೆ: ವೇಷವನ್ನೇ ಕೆಡಿಸುವ ಬದಲಾವಣೆಗೆ ಈ ರಿಯಾಯಿತಿ ಇಲ್ಲ. ಆದರೆ ವೇಷ ಅಂದ್ರೆ ಏನೇನು ಅಂತ ಮೊದಲ ಒಪ್ಪಿಗೆಯಲ್ಲೇ ಬರೆದಿಟ್ಟಿರಬೇಕು. "ಮರದಂತೆ ಕಾಣತಕ್ಕದ್ದು" ಅಂತ ಒಂದು ಸಾಲು ಬರೆದರೆ ಯಾವ ವಕೀಲನೂ ಅದನ್ನು ಹರಿದು ಹಾಕ್ತಾನೆ.

ಜಾಗದ ಚೌಕಾಸಿ ಬೇಗ ಮುಗಿಯಿತು. ಇಳಿಜಾರಿನಲ್ಲಿ ಕೆಳಗೆ ನೀರಿನ ಟ್ಯಾಂಕ್ ಇರುವ ಜಾಗದಲ್ಲಿ ನಿಜವಾದ ಪಾಂಡರೋಸಾ ಪೈನ್‌ಗಳಿದ್ದವು, ಸುಮಾರು 75 ಅಡಿಯವು. ಆಂಟೆನಾ ಮರಗಳ ನೆತ್ತಿ ಮೇಲೇ ಇರಬೇಕು, ಎಲೆ ಸಿಗ್ನಲ್ ತಿನ್ನುತ್ತೆ, ಒದ್ದೆ ಎಲೆ ಇನ್ನೂ ಜಾಸ್ತಿ ಅಂತ ಕಂಪನಿ ಎಂಜಿನಿಯರ್ ಹೇಳಿದ್ದು ಸರಿಯೇ. ಹಾಗಾಗಿ ಟವರ್ ಅಲ್ಲಿಗೆ, ಎತ್ತರ 85 ಅಡಿ. ಕಣಿವೆಯ ತಿರುವಿನಲ್ಲಿ ಉಳಿಯುವ ಸಿಗ್ನಲ್ ಕೊರತೆಗೆ ಕರೆಂಟ್ ಕಂಬದ ಮೇಲೆ ಸಣ್ಣ ಆಂಟೆನಾ ಹಾಕಲು ಒಪ್ಪಿದರು. ಬಾಡಿಗೆ ತಪ್ಪಿದ್ದಕ್ಕೆ ಚರ್ಚಿನವರಿಗೆ ಬೇಜಾರಾಯ್ತು.

ಷರತ್ತು ಬರೆಯಲು ಮಾತ್ರ ನಾನೂ ಪ್ಲಾನರೂ ಬೆವರು ಸುರಿಸಿದೆವು. ಕಂಬದ ಪ್ರತಿ ಅಡಿಗೆ ಕನಿಷ್ಠ ಮೂರು ಕೊಂಬೆ. ಉದ್ದ ಒಂದೇ ಸಮ ಇರಬಾರದು, ಕೆಳಗೆ ಅಗಲ, ಮೇಲೆ ಹೋದಂತೆ ಮೊನಚು. ಎಲ್ಲ ಆಂಟೆನಾಗಳಿಗಿಂತ ಮೇಲಕ್ಕೆ 5 ಅಡಿ ಕೊಂಬೆಯ ತುದಿ ಇರಲೇಬೇಕು, ಮತ್ತು ಆ ಮೊನಚು ತುದಿ ವೇಷದ ಭಾಗ ಅಂತ ಸ್ಪಷ್ಟವಾಗಿ ಬರೆದೆವು. ಕೊಂಬೆಗಳು ಆಂಟೆನಾಗಳಿಗಿಂತ ಹೊರಕ್ಕೆ ಚಾಚಿರಬೇಕು. ಪ್ರತಿ ಆಂಟೆನಾಗೂ ಎಲೆ ಹೊದಿಸಿದ ಗವಸು. ಕೊಂಬೆ ಶುರುವಾಗುವ ತನಕ ತೊಗಟೆಯ ಹೊದಿಕೆ. ಬಣ್ಣದ ಮಾದರಿಯನ್ನು ಜಾಗಕ್ಕೇ ತಂದು ಪಕ್ಕದ ಮರದ ಎದುರು ಹಿಡಿದು ತೋರಿಸಬೇಕು. ಒಪ್ಪಿಗೆ ಕೊಟ್ಟ ಚಿತ್ರಗಳು ಪತ್ರದ ಭಾಗವೇ ಆಗಿರುತ್ತವೆ. ಪ್ರತಿ ವರ್ಷ ನಾಲ್ಕು ಬದಿಯ ಫೋಟೊ, ಉದುರಿದ್ದನ್ನು ಬದಲಿಸುವ ಗಡುವು, ನೆಲದ ಪ್ಲಾಸ್ಟಿಕ್ ಗುಡಿಸುವ ಹೊಣೆ. ಟವರ್ ಕೆಲಸ ನಿಲ್ಲಿಸಿದರೆ ಕಿತ್ತು ಹಾಕುವ ಖರ್ಚಿಗೆ ಖಾತರಿಯಾಗಿ ಬಾಂಡ್. ಅದಕ್ಕಾಗಿ ದುಡ್ಡನ್ನೇ ಎಸ್ಕ್ರೋದಲ್ಲಿ, ಅಂದ್ರೆ ಮೂರನೆಯವರ ಬಳಿ ಠೇವಣಿಯಾಗಿ ಇಡಿ ಅಂತ ಕ್ಯಾಲಿಫೋರ್ನಿಯಾದಲ್ಲಿ ಕೇಳುವ ಹಾಗಿಲ್ಲ, ಬಾಂಡ್ ಕೇಳಬಹುದು. ಪರ್ಮಿಟ್ ಅವಧಿಯನ್ನೂ ಸಾಮಾನ್ಯವಾಗಿ 10 ವರ್ಷಕ್ಕಿಂತ ಕಮ್ಮಿ ಮಾಡುವಂತಿಲ್ಲ, ಹಾಗಾಗಿ 10 ಅಂತಲೇ ಹಾಕಿದೆವು. ಡೀಸೆಲ್ ಜನರೇಟರಿನ ಪರೀಕ್ಷೆ ವಾರದ ದಿನ ಹಗಲು ಮಾತ್ರ. ಈ ಕೊನೆಯದನ್ನು ಸೇರಿಸಿದ್ದಕ್ಕೆ ಬಂದಷ್ಟು ಥ್ಯಾಂಕ್ಸ್ ಉಳಿದ ಯಾವುದಕ್ಕೂ ಬರಲಿಲ್ಲ.

ಷರತ್ತಿನ ಜೊತೆ ಒಪ್ಪಿಗೆ ಆಯ್ತು. ಸರ್ವಾನುಮತ ಏನಲ್ಲ. ತಿರಸ್ಕರಿಸಲೇಬೇಕು ಅಂದ ಸದಸ್ಯರಿಗೆ ವಿಕಿರಣದ ಭಯ ಬಿಟ್ಟರೆ ಕಡತದಲ್ಲಿ ತೋರಿಸಲು ಬೇರೆ ಏನೂ ಇರಲಿಲ್ಲ. ಆಂಟಿ ಆಮೇಲೆ ಕೆಲವು ತಿಂಗಳು ಕೂಟದಲ್ಲಿ ನನ್ನ ಕಡೆ ಮುಖ ಕೊಟ್ಟು ಮಾತಾಡಲಿಲ್ಲ.

ಷರತ್ತು ಕೆಲಸಕ್ಕೆ ಬಂದಿದ್ದು ಎರಡನೇ ಕಂಪನಿ ಬಂದಾಗ. ಅದೇ ಮರದ ನೆತ್ತಿ ಮೇಲೆ ಇನ್ನೊಂದು ಸಾಲು ಆಂಟೆನಾ, ಕೊಂಬೆ ಇಲ್ಲ, ಗವಸಿಲ್ಲ, 60 ದಿನದಲ್ಲಿ ಕೊಡಿ ಅಂತ ಅರ್ಜಿ. ಪ್ಲಾನರ್ ವಾದ ಮಾಡಲೇ ಇಲ್ಲ. ಮೊನಚು ತುದಿಯ ಷರತ್ತು ಮತ್ತು ಅದರ ಚಿತ್ರವನ್ನು ಲಗತ್ತಿಸಿ, ಇದು ವೇಷ ಕೆಡಿಸುವ ಬದಲಾವಣೆ, ರಿಯಾಯಿತಿ ಅನ್ವಯಿಸಲ್ಲ ಅಂತ ಒಂದು ಪುಟದ ಪತ್ರ ಕಳಿಸಿದರು. ಅವರು ನಕ್ಷೆ ಬದಲಿಸಿಕೊಂಡು ಬಂದರು. ಆಂಟೆನಾ ಮೊದಲಿನವರ ಸಾಲಿಗಿಂತ ಕೆಳಗೆ, ಕೊಂಬೆಗಳ ನಡುವೆ, ಗವಸು ಹಾಕಿಕೊಂಡು ಕೂತಿವೆ.