ಗ್ಯಾಸ್ಟ್ರಿಕ್ ಅಂತ ಬಂದವರು

ಹಿರಿಯೂರು ಕಡೆ ಹೈವೇ ಪಕ್ಕದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಡಾಕ್ಟರ್. ಆ ಲಾರಿ ಡ್ರೈವರ್ ಮೂರು ಸಲ ಬಂದಿದ್ದರು. ಮೂರು ಸಲವೂ ಒಂದೇ ಮಾತು: "ಗ್ಯಾಸ್ ಎದೆಗೆ ಏರ್ತೈತೆ ಸಾರ್, ರಾತ್ರಿ ನಿದ್ದೆ ಇಲ್ಲ." ಇಸಿಜಿ ಸರಿಯಾಗಿಯೇ ಇತ್ತು. ಗ್ಯಾಸಿಗೆ ಅಂತ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದೆ. ಎರಡನೇ ಸಲ ನಿದ್ದೆಗೆ ಅಂತ ಆಲ್ಪ್ರಜೋಲಾಮ್ ಕೂಡ ಕೊಟ್ಟೆ. ಅದು ನನ್ನ ತಪ್ಪು.

ಮೂರನೇ ಸಲ ಡ್ರೆಸಿಂಗ್ ರೂಮಿನಲ್ಲಿ ಸ್ಟೀಲ್ ಟ್ರೇ ಬಿತ್ತು. ಅವರು ಎರಡೂ ಕೈಯಲ್ಲಿ ನನ್ನ ಮೇಜು ಹಿಡಿದುಕೊಂಡರು. ಬಲಗಾಲು ನೆಲಕ್ಕೆ ಒತ್ತಿತ್ತು, ಬ್ರೇಕ್ ತುಳಿದ ಹಾಗೆ.

"ಗಾಡಿಯಲ್ಲಿ ಏನಾದ್ರೂ ಆಗಿತ್ತಾ?" ಅಂದೆ. ಅವರು ಮಾತಾಡಲಿಲ್ಲ. ಹೆಂಡತಿ ಹೇಳಿದರು. ನಾಲ್ಕು ತಿಂಗಳ ಹಿಂದೆ ಆಕ್ಸಿಡೆಂಟ್, ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಅಲ್ಲೇ ಹೋದ. ಗಾಬರಿ ಬಿದ್ದಿದೆ ಅಂತ ತಾಯತ ಕಟ್ಟಿಸಿದ್ದರು. ಬಿಪಿ ನೋಡುವಾಗ ನಾನೇ ಪ್ರತಿ ಸಲ ಆ ತಾಯತ ಪಕ್ಕಕ್ಕೆ ಸರಿಸಿದ್ದೆ. ಯಾಕೆ ಕಟ್ಟಿದ್ದು ಅಂತ ಕೇಳಿರಲಿಲ್ಲ.

ಇಂಥ ದೊಡ್ಡ ಆಘಾತದ ಮೇಲೆ ಮನಸ್ಸಿಗೆ ಅಂಟಿಕೊಳ್ಳುವ ಕಾಯಿಲೆಗೆ ಪಿಟಿಎಸ್‌ಡಿ ಅಂತಾರೆ. ಅದರ ಪತ್ತೆಗೆ ಐದು ಪ್ರಶ್ನೆ ಇವೆ. ಹೋದ ಒಂದು ತಿಂಗಳಲ್ಲಿ ಕೆಟ್ಟ ಕನಸು ಅಥವಾ ಬೇಡ ಅಂದರೂ ಅದೇ ನೆನಪು? ಅದನ್ನು ನೆನಪಿಸುವ ಜಾಗ, ಮಾತು ತಪ್ಪಿಸುತ್ತೀರಾ? ಸದಾ ಮೈಯೆಲ್ಲ ಕಿವಿ, ಸಣ್ಣ ಸದ್ದಿಗೂ ಬೆಚ್ಚುವುದು? ಮನೆಯವರೂ ದೂರ ಅನ್ನಿಸುತ್ತಾ? ನನ್ನಿಂದಲೇ ಆಯ್ತು ಅನ್ನಿಸುತ್ತಾ? ಮೂರ್ನಾಲ್ಕಕ್ಕೆ ಹೌದು ಅಂದರೆ ಮುಂದೆ ವಿಚಾರಿಸಬೇಕು. ಇವರು ಐದಕ್ಕೂ ಹೌದು ಅಂತ ತಲೆಯಾಡಿಸಿದರು. ಹೈವೇ ಬಿಟ್ಟು ಹೊಲದ ದಾರಿ ಸುತ್ತಿ ಬರುತ್ತಿದ್ದರಂತೆ. ಕುಡಿತ, ಸಾಯುವ ಯೋಚನೆ ಬಗ್ಗೆಯೂ ನೇರವಾಗಿಯೇ ಕೇಳಿದೆ. ಆಕ್ಸಿಡೆಂಟಿನ ಪೂರ್ತಿ ಕತೆ ಮಾತ್ರ ಕೆದಕಲಿಲ್ಲ. ಒಪಿಡಿ ಗದ್ದಲದಲ್ಲಿ ಗಾಯ ಬಿಚ್ಚಿ ಹಾಗೇ ಕಳಿಸಬಾರದು, ಅಲ್ವಾ?

ಆಲ್ಪ್ರಜೋಲಾಮ್ ನಿಧಾನವಾಗಿ ಇಳಿಸಿ ನಿಲ್ಲಿಸಿದೆ. ಈ ಕಾಯಿಲೆಗೆ ಅದು ಮದ್ದಲ್ಲ, ಅಭ್ಯಾಸ ಬೇರೆ ಆಗುತ್ತೆ. ಇದಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆ 25 ಮಿಲಿಗ್ರಾಂನಿಂದ ಶುರು ಮಾಡಿ ವಾರದ ಮೇಲೆ 50ಕ್ಕೆ ಏರಿಸಿದೆ. "ಮೊದಲು ಹೊಟ್ಟೆ ತೊಳಸಬಹುದು, ಗುಣ ಕಾಣೋಕೆ ನಾಲ್ಕಾರು ವಾರ ಬೇಕು, ನಡುವೆ ಬಿಡಬೇಡಿ" ಅಂತ ಇಬ್ಬರಿಗೂ ಹೇಳಿದೆ. ಆದರೆ ಇದಕ್ಕೆ ಮುಖ್ಯ ಚಿಕಿತ್ಸೆ ಆಪ್ತಸಮಾಲೋಚನೆಯ ಒಂದು ವಿಶೇಷ ಬಗೆ. ಅದು ನನಗೆ ಬರುವುದಿಲ್ಲ. ಹಾಗಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ಹತ್ತಿರ ಕಳಿಸಿದೆ. ಚೀಟಿ ಹಿಂದೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ.

ಏಳನೇ ವಾರ ಭಾವಮೈದನ ಬೈಕಿನಲ್ಲಿ ಹಿಂದೆ ಕೂತು ಹೈವೇ ಮೇಲೇ ಬಂದರು. ಸ್ಟೇರಿಂಗ್ ಇನ್ನೂ ಮುಟ್ಟಿಲ್ಲ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಆ ಗ್ಯಾಸಿನ ಮಾತ್ರೆನೂ ಒಂದ್ ನಾಲ್ಕು ಇರ್ಲಿ ಸಾರ್" ಅಂದರು.